ಎಚ್‌ಬಿಎ1ಸಿ ಚೆನ್ನಾಗಿದೆ, ಆದ್ರೂ ರಾತ್ರಿ ಶುಗರ್ ಇಳಿಯುತ್ತೆ: ‘ಲೋ’ ಹಿಡಿಯುವ ರಕ್ತಪರೀಕ್ಷೆ ಇದೆಯಾ?

ಬಾತಿಗುಡ್ಡ
ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆಯಲ್ಲಿ, ಅಪ್ಪ ಅಮ್ಮ ಹೊಳಲ್ಕೆರೆ ಕಡೆ ತೋಟದ ಮನೆಯಲ್ಲಿ. ಅಪ್ಪನಿಗೆ 71 ವರ್ಷ. ಶುಗರ್ ಬಂದು ಬಹಳ ವರ್ಷಗಳಾದವು. ಬೆಳಿಗ್ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ರಾತ್ರಿ ಮಲಗುವ ಮುಂಚೆ ಇನ್ಸುಲಿನ್. ಹೋದ ತಿಂಗಳು ಮೂರು ತಿಂಗಳ ಶುಗರ್ ಟೆಸ್ಟ್ (ಎಚ್‌ಬಿಎ1ಸಿ) ಮಾಡಿಸಿದೆವು, 6.3 ಬಂತು. ಡಾಕ್ಟ್ರು ಬೆನ್ನು ತಟ್ಟಿ ಕಳಿಸಿದರು.

ಆದರೆ ಅಮ್ಮ ಹೇಳುವುದು ಬೇರೆ. ಎಷ್ಟೋ ಸಲ ನಸುಕಿನಲ್ಲಿ ಅಪ್ಪನ ಬನಿಯನ್ ಪೂರ್ತಿ ಒದ್ದೆಯಾಗಿರುತ್ತದಂತೆ. ಏನೇನೋ ಬಡಬಡಿಸುತ್ತಾರಂತೆ. ಎದ್ದ ಮೇಲೆ ತಲೆಭಾರ, ಯಾರು ಮಾತಾಡಿಸಿದರೂ ಸಿಡುಕು. ಅಪ್ಪನನ್ನು ಕೇಳಿದರೆ ‘ನಂಗೇನೂ ಆಗಿಲ್ಲ, ಸೆಕೆ’ ಅಂತಾರೆ. ರಾತ್ರಿ ಎಬ್ಬಿಸಿ ಬೆರಳು ಚುಚ್ಚೋಕೆ ಹೋದರೆ ಜಗಳ.

ಶುಗರ್ ಜಾಸ್ತಿ ಇದ್ದದ್ದನ್ನು ಮೂರು ತಿಂಗಳಾದ ಮೇಲೂ ತೋರಿಸುವ ಟೆಸ್ಟ್ ಇದೆ. ಅದೇ ತರಹ ಕಮ್ಮಿ ಆಗಿದ್ದನ್ನು ತೋರಿಸುವ ರಕ್ತಪರೀಕ್ಷೆ ಇದೆಯಾ? ಮಾಲಿಕ್ಯುಲರ್ ಮಾರ್ಕರ್ ಅಂತ ಏನೋ ಬಂದಿದೆ ಅಂತ ಓದಿದೆ. ಇಲ್ಲಿ ಸಿಗುತ್ತಾ, ಬೆಂಗಳೂರಿಗೆ ಹೋಗಬೇಕಾ?

ಮಂಡಕ್ಕಿ_ಮೆಣಸಿನಕಾಯಿ
ಟೆಸ್ಟ್ ಗಿಸ್ಟ್ ಏನೂ ಬೇಡ ಸಾರ್. ರಾತ್ರಿ ಎರಡು ಬೆಣ್ಣೆ ದೋಸೆ ತಿನ್ನಿಸಿ ಮಲಗಿಸಿ, ಶುಗರ್ ಇಳಿಯೋದಾದರೂ ಹೇಗೆ ನೋಡೋಣ 😄

ಔಷಧಿ_ಅಂಗಡಿ
ತಮಾಷೆಗೆ ಹೇಳಿದ್ದೀರಿ, ಆದರೆ ಇದನ್ನು ನಂಬುವವರು ಇದ್ದಾರೆ. ಔಷಧಿ ಜಾಸ್ತಿ ಆಗಿದ್ದರೆ ಔಷಧಿ ಕಮ್ಮಿ ಮಾಡಬೇಕು, ಅದಕ್ಕೆ ಸರಿಯಾಗಿ ತಿನ್ನಿಸುತ್ತಾ ಹೋಗುವುದಲ್ಲ. ಇನ್ನೊಂದು, ಲೋ ಆದಾಗ ಬೆಣ್ಣೆ, ಎಣ್ಣೆ ಇರುವ ತಿಂಡಿ ಕೊಟ್ಟರೆ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದೇ ತಡ. ಆಗ ಬೇಕಾಗಿರುವುದು ಸಕ್ಕರೆ ನೀರು ಅಥವಾ ಗ್ಲುಕೋಸ್ ಪುಡಿ.

ಬಾತಿಗುಡ್ಡ ಅವರೇ, ತಂದೆಯವರ ಕ್ರಿಯಾಟಿನೈನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ, ಕಿಡ್ನಿ ಸೋತಷ್ಟೂ ಏರುತ್ತದೆ) ಎಷ್ಟಿದೆ? ಇತ್ತೀಚೆಗೆ ನೋಡಿಸಿದ್ದೀರಾ?

ಶಿವಗಂಗೋತ್ರಿ
ನಾನು ದಾವಣಗೆರೆ ವಿವಿಯಲ್ಲಿ ಬಯೋಕೆಮಿಸ್ಟ್ರಿ ಓದಿದವನು. ಈಗ ರಕ್ತದ ಮಾರ್ಕರ್‌ಗಳ, ಅಂದರೆ ಮೈಯಲ್ಲಿ ನಡೆದದ್ದರ ಸುಳಿವು ಕೊಡುವ ಅಣುಗಳ ಮೇಲೆಯೇ ಕೆಲಸ. ಡಾಕ್ಟರ್ ಅಲ್ಲ, ಆದ್ದರಿಂದ ಔಷಧಿ ವಿಷಯ ಬಿಡುತ್ತೇನೆ. ಪ್ರಶ್ನೆಗೆ ಮಾತ್ರ ಉತ್ತರ.

‘ಕಳೆದ ತಿಂಗಳು ಎಷ್ಟು ಸಲ ಶುಗರ್ ಕೆಳಗಿಳಿದಿತ್ತು’ ಅಂತ ಹೇಳುವ ರಕ್ತಪರೀಕ್ಷೆ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ಇಲ್ಲಿಯೂ ಇಲ್ಲ, ಬೆಂಗಳೂರಲ್ಲೂ ಇಲ್ಲ. ಯಾರಾದರೂ ಪ್ಯಾಕೇಜ್ ಅಂತ ಮಾರಲು ಬಂದರೆ ದುಡ್ಡು ಕೊಡಬೇಡಿ.

ಯಾಕೆ ಇಲ್ಲ ಅನ್ನುವುದೇ ಸ್ವಾರಸ್ಯ. ರಕ್ತದಲ್ಲಿರುವ ಗ್ಲುಕೋಸ್ ತಾನಾಗಿಯೇ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಜಾಸ್ತಿ ಅಂಟುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದ್ದು ಆ ಕೆಂಪು ರಕ್ತಕಣ ಸಾಯುವವರೆಗೂ, ಅಂದರೆ ಸುಮಾರು 120 ದಿನ, ಹಾಗೇ ಇರುತ್ತದೆ. ಎಚ್‌ಬಿಎ1ಸಿ ಅಳೆಯುವುದು ಇದನ್ನೇ. ಸಕ್ಕರೆ ಏರಿದರೆ ಗುರುತು ಉಳಿಯುತ್ತದೆ. ಇಳಿದರೆ? ಅಂಟದೇ ಹೋದ ಸಕ್ಕರೆಗೆ ಗುರುತು ಎಲ್ಲಿಂದ ಬರಬೇಕು?

ಮೇಲಾಗಿ ಅದು ಸರಾಸರಿ. 6.3 ಅಂದರೆ ಸುಮಾರು 134ರ ಸರಾಸರಿ. ಹಗಲು ರಾತ್ರಿ 110ರಿಂದ 160ರ ನಡುವೆ ಇರುವವರಿಗೂ 6.3 ಬರಬಹುದು. ಮಧ್ಯಾಹ್ನ 230, ನಸುಕಿನಲ್ಲಿ 50 ಆಗುವವರಿಗೂ 6.3 ಬರಬಹುದು. ನಾಲೆಯಲ್ಲಿ ಒಂದು ವಾರ ಉಕ್ಕಿ ಹರಿದು ಇನ್ನೊಂದು ವಾರ ಒಣಗಿದ್ದರೂ ತಿಂಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಗದ್ದೆಯ ಭತ್ತವನ್ನು ಕೇಳಿದರೆ ಗೊತ್ತಾಗುತ್ತದೆ. ಭದ್ರಾ ಅಚ್ಚುಕಟ್ಟಿನ ಕೊನೆಯಲ್ಲಿ ಜಮೀನು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದುರ್ಗದ_ಬಂಡೆ
ಫ್ರಕ್ಟೋಸಮೀನ್ ಅಂತ ಒಂದು ಟೆಸ್ಟ್ ಇದೆಯಲ್ಲಾ? ನಮ್ಮ ಅತ್ತೆಗೆ ಬರೆದುಕೊಟ್ಟಿದ್ದರು. 1,5-ಎಜಿ ಅಂತಲೂ ಒಂದು ಕೇಳಿದ್ದೇನೆ. ಅವೂ ಆಗಲ್ವಾ?

ಶಿವಗಂಗೋತ್ರಿ
ಫ್ರಕ್ಟೋಸಮೀನ್ ಕೂಡ ಅಂಟಿದ ಸಕ್ಕರೆಯ ಲೆಕ್ಕವೇ. ಹಿಮೋಗ್ಲೋಬಿನ್ ಬದಲು ಅಲ್ಬುಮಿನ್ ಮುಂತಾದ ಪ್ರೋಟೀನ್‌ಗಳಿಗೆ ಅಂಟಿದ್ದು. ಎರಡು ಮೂರು ವಾರದ ಸರಾಸರಿ ಕೊಡುತ್ತದೆ. ರಕ್ತಹೀನತೆ ಇದ್ದು ಎಚ್‌ಬಿಎ1ಸಿ ನಂಬುವ ಹಾಗಿಲ್ಲ ಅನ್ನುವವರಿಗೆ ಒಳ್ಳೆಯದು. ಲೋ ವಿಷಯದಲ್ಲಿ ಅದೂ ಮೂಕ.

1,5-ಅನ್‌ಹೈಡ್ರೋಗ್ಲುಸಿಟಾಲ್ ಇನ್ನೂ ಚೆಂದ. ಅದು ಊಟದಿಂದ ಬರುವ ಒಂದು ಸಕ್ಕರೆ, ರಕ್ತದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ. ಶುಗರ್ ಸುಮಾರು 180 ದಾಟಿ ಮೂತ್ರದಲ್ಲಿ ಹೋಗಲು ಶುರುವಾದರೆ, ಮೂತ್ರಪಿಂಡದಲ್ಲಿ ಗ್ಲುಕೋಸ್ ಇದಕ್ಕೆ ಅಡ್ಡ ಬರುತ್ತದೆ, ಇದು ಸೋರಿಹೋಗುತ್ತದೆ. ಅಂದರೆ ಒಂದೆರಡು ವಾರದಲ್ಲಿ ಶುಗರ್ ಎಷ್ಟು ಏರಿತ್ತು ಎಂದು ಹೇಳಬಲ್ಲದು. ಮತ್ತೆ ಏರಿದ್ದರ ಕಥೆಯೇ! ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆಯನ್ನು ಮಾತ್ರೆಯೇ ಮೂತ್ರಕ್ಕೆ ತಳ್ಳುವುದರಿಂದ ಈ ಟೆಸ್ಟಿಗೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಲೋ ಹುಡುಕುವವರು ಸಕ್ಕರೆಯ ಹಿಂದೆ ಹೋಗುವುದಿಲ್ಲ. ಸಕ್ಕರೆ ಇಳಿದಾಗ ಮೈ ಏನು ಮಾಡುತ್ತದೆ, ಅದರ ಹೆಜ್ಜೆ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡುತ್ತಾರೆ. ರಾತ್ರಿ ಬರೆಯುತ್ತೇನೆ, ಈಗ ಕೆಲಸ ಇದೆ.

ಕೆಂಪು_ಟ್ಯೂಬ್
ಅಷ್ಟರಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿ ನನ್ನದೊಂದು ಮಾತು. ಲೋ ಅಂತ ರಿಪೋರ್ಟ್ ಬಂದಿದ್ದೆಲ್ಲ ಲೋ ಅಲ್ಲ. ಟ್ಯೂಬಿಗೆ ತೆಗೆದ ಮೇಲೂ ರಕ್ತಕಣಗಳು ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ 5ರಿಂದ 7 ಪರ್ಸೆಂಟ್ ಇಳಿಯುತ್ತದೆ. ಬಿಸಿಲಲ್ಲಿ ಇನ್ನೂ ಬೇಗ. ಅದಕ್ಕೇ ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್. ಅದು ಕೂಡ ಪೂರ್ತಿ ಕೆಲಸಕ್ಕೆ ಬರಲು ಒಂದೆರಡು ಗಂಟೆ ಬೇಕು.

ಹಳ್ಳಿಯಲ್ಲಿ ಬೆಳಿಗ್ಗೆ ಏಳಕ್ಕೆ ರಕ್ತ ತೆಗೆಯುತ್ತಾರೆ. ಹುಡುಗ ಬೈಕಿನ ಡಬ್ಬಿಯಲ್ಲಿ ಹಾಕಿಕೊಂಡು ಇನ್ನೂ ನಾಲ್ಕು ಕಡೆ ಸುತ್ತಿ ಮಧ್ಯಾಹ್ನ ಊರಿಗೆ ತರುತ್ತಾನೆ. ತಪ್ಪು ಮುಚ್ಚಳದ ಟ್ಯೂಬಾಗಿದ್ದರೆ 95 ಇದ್ದದ್ದು 65 ಅಂತ ಬಂದರೂ ಆಶ್ಚರ್ಯವಿಲ್ಲ. ಮನೆಯವರು ಗಾಬರಿ. ಚೆನ್ನಾಗಿಯೇ ಇರುವ ಮನುಷ್ಯನಿಗೆ ಇಂಥ ರಿಪೋರ್ಟ್ ಬಂದರೆ ಮೊದಲು ಕೇಳಬೇಕಾದ್ದು: ರಕ್ತ ಎಷ್ಟು ಹೊತ್ತಿಗೆ ತೆಗೆದಿರಿ, ಯಾವ ಟ್ಯೂಬಲ್ಲಿ?

ಮನೆಯ ಮೀಟರಿಗೂ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ 100ರ ಕೆಳಗೆ 15 ಅಂಕ ಆಚೀಚೆ ಆಗಬಹುದು. 68 ಅಂತ ತೋರಿಸಿದ್ದು ನಿಜಕ್ಕೂ 80 ಇರಬಹುದು, 55 ಕೂಡ ಇರಬಹುದು. ಬೆವರು, ನಡುಕ ಇದ್ದರೆ ಮೀಟರ್ ಜೊತೆ ವಾದ ಮಾಡಬೇಡಿ, ಸಕ್ಕರೆ ಕೊಡಿ.

ಟೈಪ್_ಒನ್_ಹುಡುಗಿ
‘ನಂಗೇನೂ ಆಗಿಲ್ಲ’ ಅನ್ನುವ ಅಪ್ಪನ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ನನಗೆ ಶಾಲೆಗೆ ಹೋಗುವಾಗಿನಿಂದ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಡಯಾಬಿಟಿಸ್. ಮೊದಮೊದಲು 68 ಬಂದರೆ ಕೈ ನಡುಗುತ್ತಿತ್ತು. ಆಮೇಲೆ 45 ಬಂದರೂ ಆರಾಮಾಗಿ ಮಾತಾಡುತ್ತಾ ಕೂತಿರುತ್ತಿದ್ದೆ. ಎದುರಿಗಿದ್ದವರಿಗೆ ಮಾತ್ರ ನಾನು ಸಂಬಂಧವಿಲ್ಲದ್ದು ಹೇಳುತ್ತಿರುವುದು ಗೊತ್ತಾಗುತ್ತಿತ್ತು.

ಮೇಲಿಂದ ಮೇಲೆ ಲೋ ಆದರೆ ಮೈಯ ಎಚ್ಚರಿಕೆ ಗಂಟೆಯೇ ಮಂಕಾಗುತ್ತದೆ. ಅಮೆರಿಕದ ಫಿಲಿಪ್ ಕ್ರೈಯರ್ ಎಂಬ ವೈದ್ಯವಿಜ್ಞಾನಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಒಂದು ಲೋ ಆದರೆ ಮುಂದಿನ ಲೋಗೆ ಮೈಯನ್ನು ಎಚ್ಚರಿಸುವ ಅಡ್ರಿನಲಿನ್ ಹಾರ್ಮೋನ್ ಕಮ್ಮಿ ಬರುತ್ತದೆ, ಹಾಗಾಗಿ ಇನ್ನೂ ಕೆಳಗೆ ಹೋಗುತ್ತದೆ, ಹಾಗಾಗಿ ಅದರ ಮುಂದಿನದಕ್ಕೆ ಇನ್ನೂ ಕಮ್ಮಿ. ಸಮಾಧಾನದ ವಿಷಯ ಏನೆಂದರೆ ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಆ ಎಚ್ಚರಿಕೆ ಬಹಳ ಮಂದಿಗೆ ವಾಪಸ್ ಬರುತ್ತದೆ. ನನಗೂ ಬಂತು.

ಬಿಪಿಗೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ಇದ್ದರೆ ನಡುಕ, ಎದೆಬಡಿತ ಎರಡೂ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಅಮ್ಮ ಬನಿಯನ್ ಒದ್ದೆ ನೋಡಿದ್ದು ಸುಮ್ನೆ ಅಲ್ಲ. ಡಾಕ್ಟರ್ ಹತ್ತಿರ ಹೋಗುವಾಗ ಅಪ್ಪನ ಜೊತೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರೇ ಮಾತಾಡಲಿ.

ಬಾತಿಗುಡ್ಡ
ಬಿಪಿ ಮಾತ್ರೆ ಚೀಟಿ ನೋಡಿದೆ, ಮೆಟೊಪ್ರೊಲಾಲ್ ಇದೆ. ಅದು ಬೀಟಾ ಬ್ಲಾಕರ್ರೇ ಅಲ್ವಾ? ಕ್ರಿಯಾಟಿನೈನ್ ಹಳೇ ರಿಪೋರ್ಟಲ್ಲಿ 1.2 ಇತ್ತು. ಈಗ ಮತ್ತೆ ಮಾಡಿಸುತ್ತೇನೆ.

ಶಿವಗಂಗೋತ್ರಿ
ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದೆ.

ಶುಗರ್ ಇಳಿದಾಗ ಅದನ್ನು ಮೇಲೆತ್ತಲು ಮೈ ಮೊದಲು ಕಳಿಸುವ ಹಾರ್ಮೋನ್‌ಗಳು ಗ್ಲುಕಗಾನ್ ಮತ್ತು ಅಡ್ರಿನಲಿನ್, ಆಮೇಲೆ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್. ಇವನ್ನೇ ಅಳೆದರೆ ಆಗಲ್ವಾ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಅಡ್ರಿನಲಿನ್ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧ ಮಾಯ. ರಾತ್ರಿ ಮೂರಕ್ಕೆ ಆಗಿದ್ದನ್ನು ಬೆಳಿಗ್ಗೆ ಎಂಟಕ್ಕೆ ಹುಡುಕಿದರೆ ಏನೂ ಸಿಗದು. ಕಾರ್ಟಿಸಾಲ್ ಹೇಗೂ ಬೆಳಗಿನ ಜಾವ ಎಲ್ಲರಲ್ಲೂ ಏರುತ್ತದೆ. ಟೈಪ್ 1 ಇರುವವರಲ್ಲಿ ಲೋಗೆ ಗ್ಲುಕಗಾನ್ ಉತ್ತರ ಕೊಡುವುದು ಕೆಲವೇ ವರ್ಷಗಳಲ್ಲಿ ನಿಂತುಹೋಗಿರುತ್ತದೆ. ಯಾರಿಗೆ ಟೆಸ್ಟ್ ಹೆಚ್ಚು ಬೇಕೋ ಅವರಲ್ಲಿಯೇ ಸಿಗ್ನಲ್ ಸತ್ತಿರುತ್ತದೆ.

ಎರಡನೆಯ ದಾರಿ ಉರಿಯೂತದ ಪ್ರೋಟೀನ್‌ಗಳು. ಶುಗರ್ ಇಳಿದಾಗ ಬಿಳಿ ರಕ್ತಕಣಗಳು ಕೆರಳುತ್ತವೆ, ಇಂಟರ್‌ಲ್ಯೂಕಿನ್-6 ಮುಂತಾದವು ಏರುತ್ತವೆ, ಪ್ಲೇಟ್‌ಲೆಟ್‌ಗಳು ಅಂಟುಅಂಟಾಗುತ್ತವೆ. ಯುರೋಪಿನಲ್ಲಿ 2018ರಲ್ಲಿ ಶುರುವಾದ ಹೈಪೋ-ರಿಸಾಲ್ವ್ ಎಂಬ ದೊಡ್ಡ ಯೋಜನೆಯಲ್ಲಿ, ಬೇಕೆಂದೇ ಶುಗರ್ ಇಳಿಸಿ ರಕ್ತ ನೋಡಿದಾಗ, ಕೆಲವು ಬದಲಾವಣೆ ಒಂದು ವಾರದವರೆಗೂ ಉಳಿದದ್ದು ಕಂಡಿತು. ಒಂದು ವಾರ ಅಂದರೆ ಮಾರ್ಕರ್ ಹುಡುಕುವವರಿಗೆ ಹಬ್ಬ. ತೊಂದರೆ ಏನು ಗೊತ್ತಾ? ನೆಗಡಿ ಜ್ವರಕ್ಕೂ ಇವೇ ಏರುತ್ತವೆ. ಹಲ್ಲು ಕೀವಾದರೂ ಏರುತ್ತವೆ. ದುಗ್ಗಮ್ಮನ ಜಾತ್ರೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟರೂ ಏರಬಹುದು. ‘ಏನೋ ಆಗಿದೆ’ ಅಂತ ಹೇಳುತ್ತವೆ, ‘ಸಕ್ಕರೆ ಇಳಿದಿತ್ತು’ ಅಂತ ಹೇಳುವುದಿಲ್ಲ.

ಮೂರನೆಯದೇ ನೀವು ಓದಿರಬಹುದಾದ ಮಾಲಿಕ್ಯುಲರ್ ಮಾರ್ಕರ್, ಮೈಕ್ರೋಆರ್‌ಎನ್‌ಎ. ಸುಮಾರು 22 ಅಕ್ಷರದ ಪುಟಾಣಿ ಆರ್‌ಎನ್‌ಎ ತುಂಡುಗಳು, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅಂತ ಹಿಡಿತ ಇಡುತ್ತವೆ. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇದನ್ನು ತೋರಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಸಾಮಾನ್ಯ ಆರ್‌ಎನ್‌ಎ ರಕ್ತದಲ್ಲಿ ಬೇಗ ಹಾಳಾಗುತ್ತದೆ. ಇವು ಪ್ರೋಟೀನ್ ಜೊತೆ ಅಥವಾ ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಸುತ್ತಾಡುವುದರಿಂದ ಬಾಳಿಕೆ ಜಾಸ್ತಿ. ಅದಕ್ಕೇ ಎಲ್ಲರ ಕಣ್ಣು ಇವುಗಳ ಮೇಲೆ. ಒಂದೇ ತುಂಡು ನಂಬದೆ ಹತ್ತಾರನ್ನು ಒಟ್ಟಿಗೆ ಅಳೆದು, ಲೋ ಆದವರಲ್ಲಿ ಮಾತ್ರ ಕಾಣುವ ವಿನ್ಯಾಸ ಇದೆಯಾ ಅಂತ ಹುಡುಕುವುದು ಲೆಕ್ಕಾಚಾರ.

ನನ್ನ ಅಭಿಪ್ರಾಯ ಕೇಳಿದರೆ, ಲ್ಯಾಬ್ ಬಾಗಿಲಿಗೆ ಬರಲು ಇನ್ನೂ ಕಾಲ ಬೇಕು. ಸಣ್ಣ ಗುಂಪಿನ ಮೇಲೆ ಮಾಡಿದ ಅಧ್ಯಯನದಲ್ಲಿ ಹೊಳೆದ ಮಾರ್ಕರ್, ಬೇರೆ ಊರಿನ ಬೇರೆ ಗುಂಪಿನಲ್ಲಿ ಮಂಕಾಗುವುದನ್ನು ಈ ಕೆಲಸದಲ್ಲಿ ಬಹಳ ನೋಡಿದ್ದೇನೆ.

ಕೆಂಪು_ಟ್ಯೂಬ್
ಇದರಲ್ಲಿ ನಮ್ಮ ಕೈಚಳಕದ ತಾಪತ್ರಯವೂ ಇದೆ ಅಲ್ವಾ? ಸೂಜಿ ಸಣ್ಣದಾಗಿ, ಸಿರಿಂಜ್ ಜೋರಾಗಿ ಎಳೆದರೆ ಕೆಂಪು ಕಣ ಒಡೆದು ಸೀರಂ (ರಕ್ತದ ತಿಳಿ ದ್ರವ) ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪೊಟ್ಯಾಸಿಯಂ ರಿಪೋರ್ಟ್ ಕೆಡುವುದು ಹಾಗೆಯೇ.

ಶಿವಗಂಗೋತ್ರಿ
ಸರಿಯಾಗಿ ಹಿಡಿದಿರಿ. ಕೆಂಪು ಕಣದೊಳಗೇ ಮಿಆರ್-451, ಮಿಆರ್-16 ಎಂಬ ಮೈಕ್ರೋಆರ್‌ಎನ್‌ಎಗಳು ತುಂಬಿಕೊಂಡಿರುತ್ತವೆ. ಕಣ ಒಡೆದರೆ ಅವೆಲ್ಲ ಸೀರಂಗೆ ಸುರಿದು ಲೆಕ್ಕ ಅಡ್ಡಾದಿಡ್ಡಿ. ಕಣ್ಣಿಗೆ ಗುಲಾಬಿ ಕಾಣುವ ಮೊದಲೇ ಹಾಳಾಗಿರುತ್ತದೆ. ಬೈಕಿನ ಡಬ್ಬಿಯಲ್ಲಿ ಬರುವ ಸ್ಯಾಂಪಲ್ ಮೇಲೆ ಇಂಥ ಟೆಸ್ಟ್ ಹೇಗೆ ನಿಲ್ಲುತ್ತದೆ ಅನ್ನುವುದು ಕೇಂಬ್ರಿಡ್ಜಿನಲ್ಲಿ ಕೂತವರಿಗೆ ಹೊಳೆಯುವ ಪ್ರಶ್ನೆಯಲ್ಲ, ನಮಗೆ ಹೊಳೆಯಬೇಕು.

ಚಳ್ಳಕೆರೆ_ಶೇಂಗಾ
ಒಂದು ಅನುಮಾನ. ಶುಗರ್ ನೋಡುವ ಸೆನ್ಸರ್ ಬಂದಿದೆಯಲ್ಲ, ತೋಳಿಗೆ ಅಂಟಿಸಿದರೆ 14 ದಿನ ಹಗಲು ರಾತ್ರಿ ನೋಡುತ್ತದೆ. ಮತ್ತೆ ಈ ಮಾರ್ಕರ್ ಪಾರ್ಕರ್ ಯಾಕೆ? ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ವಾ?

ಶಿವಗಂಗೋತ್ರಿ
ಕೇಳಬೇಕಾದ ಪ್ರಶ್ನೆಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಡಯಾಬಿಟಿಸ್ ಇದೆ. ಎಲ್ಲರಿಗೂ ಸೆನ್ಸರ್ ಅಂಟಿಸುವುದು ಆಗದ ಮಾತು. ಯಾರಿಗೆ ಅಂಟಿಸಬೇಕು ಅಂತ ಆರಿಸಲು ಒಂದು ರಕ್ತಪರೀಕ್ಷೆ ಇದ್ದರೆ ಅದೇ ದೊಡ್ಡ ಉಪಕಾರ.

ಈಗಲೇ ಸಿಗುವ, ಆ ದಾರಿಯಲ್ಲಿ ಸ್ವಲ್ಪ ಸಹಾಯ ಮಾಡುವ ಟೆಸ್ಟ್ ಅಂದರೆ ಸಿ-ಪೆಪ್ಟೈಡ್. ಮೇದೋಜೀರಕ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಬರುವ ತುಂಡು ಅದು. ಹೊರಗಿಂದ ಚುಚ್ಚುವ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಸಿ-ಪೆಪ್ಟೈಡ್ ತೀರಾ ಕಮ್ಮಿ ಇದ್ದರೆ ಸ್ವಂತ ಇನ್ಸುಲಿನ್ ಮುಗಿದಿದೆ ಎಂದರ್ಥ, ಅಂಥವರಿಗೆ ಶುಗರ್ ಏರಿಳಿತ ಮತ್ತು ಲೋ ಅಪಾಯ ಜಾಸ್ತಿ. ಆದರೆ ಇದು ಅಪಾಯದ ಸೂಚನೆ, ನಡೆದದ್ದರ ಸಾಕ್ಷಿಯಲ್ಲ.

ಸಾಕ್ಷಿಯಾಗುವುದು ಒಂದೇ ಸಂದರ್ಭದಲ್ಲಿ: ಲೋ ಇರುವಾಗಲೇ ರಕ್ತ ಸಿಕ್ಕರೆ. ಆಗ ಇನ್ಸುಲಿನ್ ಜಾಸ್ತಿ, ಸಿ-ಪೆಪ್ಟೈಡ್ ಕಮ್ಮಿ ಇದ್ದರೆ ಚುಚ್ಚಿದ ಇನ್ಸುಲಿನ್ ಕಾರಣ. ಎರಡೂ ಜಾಸ್ತಿ ಇದ್ದರೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್ ತರಹದ ಮಾತ್ರೆ, ಅಪರೂಪಕ್ಕೆ ಇನ್ಸುಲಿನ್ ಸುರಿಸುವ ಗೆಡ್ಡೆ. ಕೆಲವು ಕಿಟ್‌ಗಳಿಗೆ ಹೊಸ ಮಾದರಿಯ ಇನ್ಸುಲಿನ್ ಕಾಣುವುದೇ ಇಲ್ಲ, ಅದೊಂದು ಗಮನದಲ್ಲಿರಲಿ.

ಟೈಪ್_ಒನ್_ಹುಡುಗಿ
ಸೆನ್ಸರ್ ಹಾಕಿಸುವವರಿಗೆ ಒಂದು ಮಾತು. ಅದು ರಕ್ತ ನೋಡುವುದಿಲ್ಲ, ಚರ್ಮದ ಕೆಳಗಿನ ದ್ರವ ನೋಡುತ್ತದೆ. ರಕ್ತಕ್ಕಿಂತ ಹತ್ತು ನಿಮಿಷದಷ್ಟು ಹಿಂದೆ ಇರುತ್ತದೆ. ಆ ತೋಳಿನ ಮೇಲೆ ಒರಗಿ ಮಲಗಿದರೆ ಸುಳ್ಳು ಲೋ ತೋರಿಸುತ್ತದೆ. ಗ್ರಾಫ್ ಗೋಡೆ ಬಿದ್ದ ಹಾಗೆ ಸಟಕ್ಕನೆ ಕೆಳಗಿಳಿದು, ಮಗ್ಗುಲು ಬದಲಿಸಿದ ಕೂಡಲೇ ಸಟಕ್ಕನೆ ಮೇಲೇರಿದ್ದರೆ ಅದೇ. ನಿಜವಾದ ಲೋ ನಿಧಾನಕ್ಕೆ ಜಾರುತ್ತದೆ.

ಆಜಾದ್_ನಗರ_ಚಹಾ
ರಂಜಾನಿನಲ್ಲಿ ನಮ್ಮ ಮನೆಯಲ್ಲೂ ಇದೇ ಗೋಳು. ಚಿಕ್ಕಪ್ಪ ಗ್ಲಿಮೆಪಿರೈಡ್ ಜಾತಿಯದೇ ಆದ ಗ್ಲಿಬೆಂಕ್ಲಮೈಡ್ ಮಾತ್ರೆ ತೆಗೆದುಕೊಂಡು ರೋಜಾ ಇಡುತ್ತಿದ್ದರು. ಸಂಜೆ ನಾಲ್ಕಕ್ಕೆ ಕಣ್ಣು ಮೇಲಾಗುತ್ತಿತ್ತು. 70ರ ಕೆಳಗೆ ಹೋದರೆ ರೋಜಾ ಬಿಡಬೇಕು ಅಂತ ಡಾಕ್ಟರ್‌ಗಳ ಮಾರ್ಗಸೂಚಿಯಲ್ಲೇ ಇದೆ. ಬೆರಳು ಚುಚ್ಚಿದರೆ ರೋಜಾ ಮುರಿಯುವುದಿಲ್ಲ, ಇದನ್ನು ಮೌಲಾನಾ ಬಾಯಲ್ಲಿ ಹೇಳಿಸಿದ ಮೇಲೆಯೇ ಒಪ್ಪಿದ್ದು. ಹಬ್ಬಕ್ಕೆ ಮುಂಚೆಯೇ ಹೋಗಿ ಮಾತ್ರೆ ಬದಲಾಯಿಸಿಕೊಂಡು ಬಂದೆವು.

ಔಷಧಿ_ಅಂಗಡಿ
ಒಳ್ಳೆಯ ಕೆಲಸ ಮಾಡಿದಿರಿ. ಗ್ಲಿಬೆಂಕ್ಲಮೈಡ್ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. 60 ದಾಟಿದವರಿಗೆ ಅದು ತಕ್ಕದ್ದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲೇ ಬರೆದಿದೆ. ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ಅದನ್ನೇ ಕೊಂಡುಹೋಗುವವರು ಈಗಲೂ ಇದ್ದಾರೆ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತಿನ್ನುವವರು ಇದನ್ನು ಓದಿ. ಆ ಮಾತ್ರೆಯ ಕೆಲಸವೇ ಸಕ್ಕರೆಯನ್ನು ಕರುಳಿನಲ್ಲಿ ಒಡೆಯದಂತೆ ತಡೆಯುವುದು. ಹಾಗಾಗಿ ಲೋ ಆದಾಗ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಗ್ಲುಕೋಸ್ ಪುಡಿಯೇ ಬೇಕು. ಇಲ್ಲಿ ಎಷ್ಟೋ ಜನರ ಮಾತ್ರೆಯಲ್ಲಿ ವೋಗ್ಲಿಬೋಸ್ ಸೇರಿಕೊಂಡಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಮಾತ್ರೆ ಸ್ಟ್ರಿಪ್‌ನ ಹಿಂದೆ ಓದಿ ನೋಡಿ.

ಬಾತಿಗುಡ್ಡ
ಹೋಗಿ ಬಂದೆವು, ಅಮ್ಮನನ್ನೂ ಕರೆದುಕೊಂಡು. ಬೇರೆ ಡಾಕ್ಟರ್ ಹತ್ತಿರ. ಅಮ್ಮ ಬನಿಯನ್ ಕಥೆ ಶುರು ಮಾಡುತ್ತಿದ್ದಂತೆ ಅವರು ಪೆನ್ನು ಕೆಳಗಿಟ್ಟು ಕೇಳಿದರು. ಸೆನ್ಸರ್ ಹಾಕಿಸಿದರು. ಅಪ್ಪ ಮೊದಲು ಗೊಣಗಿದರು, ಆಮೇಲೆ ಅಡಿಕೆ ಕೊಯ್ಲಿಗೆ ಬಂದವರಿಗೆಲ್ಲ ತೋಳು ತೋರಿಸಿದ್ದೇ ತೋರಿಸಿದ್ದು.

ಗ್ರಾಫ್ ಬಂತು. ಮಧ್ಯಾಹ್ನ ಊಟ ಆದ ಮೇಲೆ 220ರ ಆಸುಪಾಸು. ರಾತ್ರಿ ಎರಡರಿಂದ ನಾಲ್ಕರ ನಡುವೆ ಜಾರಿ ಜಾರಿ 52, 49. ಒಂದು ದಿನ ಅಲ್ಲ, ಸುಮಾರು ದಿನ. ಶಿವಗಂಗೋತ್ರಿ ಹೇಳಿದ ಸರಾಸರಿ ಕಥೆ ಕಣ್ಣೆದುರಿಗೇ ಇತ್ತು. ಕ್ರಿಯಾಟಿನೈನ್ 1.9 ಆಗಿದೆ. ಗ್ಲಿಮೆಪಿರೈಡ್ ನಿಲ್ಲಿಸಿದರು, ರಾತ್ರಿ ಇನ್ಸುಲಿನ್ ಇಳಿಸಿದರು, ಮೆಟ್‌ಫಾರ್ಮಿನ್ ಅರ್ಧ. ಎಚ್‌ಬಿಎ1ಸಿ 7.5ರ ಹತ್ತಿರ ಬಂದರೂ ಪರವಾಗಿಲ್ಲ ಅಂದರು. ಅಪ್ಪನಿಗೆ ಇದು ಅರಗುತ್ತಿಲ್ಲ, ‘6.3 ತೆಗೆದವನಿಗೆ 7.5 ತಗೋ ಅಂತಾರೆ’ ಅಂತ.

ಔಷಧಿ_ಅಂಗಡಿ
ಕ್ರಿಯಾಟಿನೈನ್ ಕೇಳಿದ್ದು ಅದಕ್ಕೇ. ಇನ್ಸುಲಿನ್ ಅನ್ನು ಮೈಯಿಂದ ಹೊರಹಾಕುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತರೆ ಹಳೇ ಡೋಸೇ ಜಾಸ್ತಿ ಆಗುತ್ತದೆ. ವಯಸ್ಸಾದವರ ಶುಗರ್ ಕಾರಣವಿಲ್ಲದೆ ‘ಚೆನ್ನಾಗಿ ಕಂಟ್ರೋಲ್’ ಆಗತೊಡಗಿದರೆ ಖುಷಿಪಡುವ ಮುಂಚೆ ಕಿಡ್ನಿ ನೋಡಿಸಬೇಕು.

ಅಪ್ಪನಿಗೆ ಇದನ್ನು ಹೇಳಿ: ಅಮೆರಿಕದಲ್ಲಿ ಅಕಾರ್ಡ್ ಎಂಬ ಅಧ್ಯಯನದಲ್ಲಿ 10,251 ಜನರನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಗೆ ಎಚ್‌ಬಿಎ1ಸಿ 6ರ ಕೆಳಗೆ ತರಲು ಹೊರಟರು. ಆ ಗುಂಪಿನಲ್ಲಿಯೇ ಸಾವು ಜಾಸ್ತಿ ಕಂಡು 2008ರಲ್ಲಿ ಆ ಬಿಗಿ ಚಿಕಿತ್ಸೆ ನಿಲ್ಲಿಸಿದರು. ತೀವ್ರ ಲೋ ಕೂಡ ಆ ಗುಂಪಿನಲ್ಲಿ ಸುಮಾರು ಮೂರು ಪಟ್ಟು. ಸಾವಿಗೆ ಲೋ ಒಂದೇ ಕಾರಣ ಅಂತ ಸಾಬೀತಾಗಲಿಲ್ಲ, ಆದರೆ ವಯಸ್ಸಾದವರಿಗೆ ಗುರಿ ಸಡಿಲ ಮಾಡುವ ಮಾತಿಗೆ ಅಲ್ಲಿಂದ ಬಲ ಬಂತು.

ಕೆಂಪು_ಟ್ಯೂಬ್
ಮುಂದಿನ ಸಲ ಹಿಮೋಗ್ಲೋಬಿನ್ನೂ ನೋಡಿಸಿ. ಕಿಡ್ನಿ ತೊಂದರೆಯಲ್ಲಿ ರಕ್ತ ಕಮ್ಮಿ ಆಗುತ್ತದೆ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ ಶುರುವಾದರೆ ಹೊಸ ಕಣ ಜಾಸ್ತಿಯಾಗಿ ಎಚ್‌ಬಿಎ1ಸಿ ಸುಳ್ಳೇ ಇಳಿಯುತ್ತದೆ. ಕಬ್ಬಿಣಾಂಶದ ಕೊರತೆಯಲ್ಲಿ ಉಲ್ಟಾ, ಸುಳ್ಳೇ ಏರಬಹುದು.

ಬಾತಿಗುಡ್ಡ
ಬರೆದುಕೊಂಡೆ. ಕೊನೆಗೊಂದು. ಲೋ ಆದಾಗ 15 ಗ್ರಾಂ ಸಕ್ಕರೆ ಅಂತಾರೆ. ಅಮ್ಮ ಕೇಳ್ತಿದ್ದಾರೆ, ಅದು ಎಷ್ಟು ಚಮಚ?

ಔಷಧಿ_ಅಂಗಡಿ
ಟೀ ಚಮಚದಲ್ಲಿ ತಲೆ ತುಂಬದೆ ಮೂರರಿಂದ ನಾಲ್ಕು. ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. 70 ದಾಟಿಲ್ಲ ಅಂದರೆ ಇನ್ನೊಮ್ಮೆ ಅಷ್ಟೇ ಕೊಡಿ. ದಾಟಿದ ಮೇಲೆ ಅರ್ಧ ರೊಟ್ಟಿಯೋ ಒಂದು ಮುಷ್ಟಿ ಮಂಡಕ್ಕಿಯೋ ತಿನ್ನಲಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ತೋಟದ ಮನೆ ಅಂದಿರಿ, ಆಂಬುಲೆನ್ಸ್‌ನವರಿಗೆ ದಾರಿ ಹೇಳಲು ಮುಖ್ಯರಸ್ತೆಯ ಗುರುತು ಒಂದು ಚೀಟಿಯಲ್ಲಿ ಬರೆದು ಫೋನ್ ಹತ್ತಿರವೇ ಅಂಟಿಸಿಡಿ.